ನನ್ನ ‘ನಾರ್ಮಲ್’ ಕೋಶಗಳಿಗೇ ಸಕ್ಕರೆ ಕಾಯಿಲೆ!

ಸಕ್ಕರೆ ಕಾಯಿಲೆ, ಕಣ್ಣು ಅಂದ ಕೂಡಲೇ ಎಲ್ಲರೂ ರೆಟಿನಾದ ಮಾತೆತ್ತುತ್ತಾರೆ. ನನ್ನ ಕೆಲಸ ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ. ಈ ಕಾಯಿಲೆ ಇದ್ದವರಲ್ಲಿ ಅಲ್ಲಿನ ಗಾಯ ಬೇಗ ಮಾಯುವುದಿಲ್ಲ. ನರಗಳೂ ಕಮ್ಮಿಯಾಗಿ ಕಣ್ಣಿಗೆ ಏನಾದರೂ ತಗುಲಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಇದನ್ನು ಲ್ಯಾಬ್‌ನ ಪ್ಲೇಟಿನಲ್ಲಿ ನೋಡೋಣ ಅಂತ ಹೊರಟೆ.

ಎಸ್‌ವಿ40 ವೈರಸ್‌ನ ಜೀನ್ ಸೇರಿಸಿ ವಿಭಜನೆ ನಿಲ್ಲದಂತೆ ಮಾಡಿದ, ಮನುಷ್ಯರ ಕಾರ್ನಿಯಾ ಹೊರಪದರದ ಕೋಶಗಳನ್ನು ತೆಗೆದುಕೊಂಡೆ. ಒಂದು ಪ್ಲೇಟಿಗೆ ಮಾಮೂಲಿ ಮೀಡಿಯಂ (ಕೋಶಗಳನ್ನು ಬೆಳೆಸುವ ಪೋಷಕ ದ್ರವ), ಇನ್ನೊಂದಕ್ಕೆ ಗ್ಲೂಕೋಸ್ ಬೆರೆಸಿ ಅದರ ಸಾಂದ್ರತೆ 25 ಮಿಲಿಮೋಲಾರ್ ಮಾಡಿದೆ. ಕೋಶಗಳು ಒತ್ತಾಗಿ ತುಂಬಿದ ಮೇಲೆ ಪಿಪೆಟ್ ಟಿಪ್‌ನಿಂದ ಗಾಯದ ಹಾಗೆ ಒಂದು ಗೀರು ಎಳೆದು, ಅದು ಮುಚ್ಚುವುದನ್ನು ಫೋಟೊ ತೆಗೆಯುತ್ತಾ ಕೂತೆ.

ಮೂರು ಸಲ ಮಾಡಿದೆ. ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮುಚ್ಚಿದವು. ಮೊದಲು ಕೋಶಗಳನ್ನು ಬೈದೆ, ಆಮೇಲೆ ನನ್ನ ಕೈಯನ್ನು. ಮೀಡಿಯಂ ಬಾಟಲಿಯ ಲೇಬಲ್ ಓದಿದ್ದು ಕೊನೆಗೆ! ನಾನು ಬಳಸುತ್ತಿದ್ದ ಮೀಡಿಯಂ ಡಿಎಂಇಎಂ/ಎಫ್12ರಲ್ಲಿ ಗ್ಲೂಕೋಸ್ ಮೊದಲೇ ಸುಮಾರು 17.5 ಮಿಲಿಮೋಲಾರ್ ಇರುತ್ತದೆ. ರಕ್ತ ಪರೀಕ್ಷೆಯ ಲೆಕ್ಕದಲ್ಲಿ 315! ನಾನು ‘ನಾರ್ಮಲ್’ ಅಂದುಕೊಂಡಿದ್ದ ಕೋಶಗಳು ದಿನವೂ ಸಕ್ಕರೆ ಕಾಯಿಲೆಯಲ್ಲೇ ಇದ್ದವು, ಅಲ್ವಾ?

5.5 ಮಿಲಿಮೋಲಾರ್ ಮೀಡಿಯಂಗೆ ಬದಲಾಯಿಸಿದೆ. ಅಂದರೆ ಸುಮಾರು 100. ಕೋಶಗಳು ಹೊಂದಿಕೊಳ್ಳಲಿ ಅಂತ ಎರಡು ಪ್ಯಾಸೇಜ್ (ತುಂಬಿದ ಕೋಶಗಳನ್ನು ಹೊಸ ಪ್ಲೇಟಿಗೆ ಹಂಚುವ ಸುತ್ತು) ಕಾದೆ. ಮೂರನೇ ಪ್ಲೇಟ್ ಒಂದನ್ನೂ ಸೇರಿಸಿದೆ: 5.5 ಗ್ಲೂಕೋಸ್, ಜೊತೆಗೆ 19.5 ಮ್ಯಾನಿಟಾಲ್, ಅಂದರೆ ಗ್ಲೂಕೋಸ್‌ನಂತೆ ನೀರು ಎಳೆಯುವ, ಆದರೆ ಕೋಶಗಳು ಬಳಸದ ವಸ್ತು. ಗ್ಲೂಕೋಸ್ ಜಾಸ್ತಿಯಾದರೆ ಕೋಶದಿಂದ ನೀರನ್ನೂ ಎಳೆಯುತ್ತದೆ. ಗೀರು ನಿಧಾನವಾಗಿದ್ದು ಸಕ್ಕರೆಯಿಂದಲೋ ಈ ಎಳೆತದಿಂದಲೋ ಅಂತ ಹೇಳುವುದಕ್ಕೆ ಮ್ಯಾನಿಟಾಲ್ ಪ್ಲೇಟ್ ಬೇಕೇ ಬೇಕು. ಮೀಡಿಯಂ ದಿನಾ ಬದಲಾಯಿಸಿದೆ. ಇಲ್ಲದಿದ್ದರೆ ಕೋಶಗಳು ಗ್ಲೂಕೋಸ್ ತಿಂದು ಮುಗಿಸಿ, ನಾರ್ಮಲ್ ಪ್ಲೇಟ್ ಹಸಿದು ಕೂರುತ್ತದೆ. ಗೀರು ಮುಚ್ಚಿದ್ದು ಕೋಶಗಳು ಸರಿದು ಬಂದಿದ್ದಕ್ಕೋ ವಿಭಜನೆಯಾಗಿದ್ದಕ್ಕೋ ತಿಳಿಯಲು ಕೆಲವು ಪ್ಲೇಟುಗಳಿಗೆ ಸ್ವಲ್ಪ ಮೈಟೊಮೈಸಿನ್ ಅನ್ನುವ ಔಷಧಿ ಹಾಕಿ ವಿಭಜನೆ ನಿಲ್ಲಿಸಿದೆ.

ಈ ಸಲ ವ್ಯತ್ಯಾಸ ಕಂಡಿತು. ಹೆಚ್ಚು ಗ್ಲೂಕೋಸ್‌ನ ಗೀರು ಹಿಂದೆ ಬಿತ್ತು, ಮ್ಯಾನಿಟಾಲ್‌ನದು ನಾರ್ಮಲ್ ಜೊತೆಗೇ ಮುಚ್ಚಿತು. ದೊಡ್ಡ ಅಂತರವೇನಲ್ಲ. ಮೂರು ದಿನದ ಸಕ್ಕರೆಯಿಂದ ಇಪ್ಪತ್ತು ವರ್ಷದ ಕಾಯಿಲೆ ಬಂದುಬಿಡುತ್ತದೆಯೇ?

ಅದಕ್ಕೇ ಈಗ ಸಕ್ಕರೆ ಕಾಯಿಲೆ ಇದ್ದ ದಾನಿಗಳ ಕಾರ್ನಿಯಾದಿಂದ ಕೋಶ ಬೆಳೆಸುತ್ತಿದ್ದೇನೆ. ಇವನ್ನು ಮಾಮೂಲಿ ಗ್ಲೂಕೋಸ್‌ನಲ್ಲಿಟ್ಟರೂ ಕಾಯಿಲೆಯ ಕೆಲವು ಗುರುತು ಉಳಿಯುತ್ತವೆ. ತೊಂದರೆ ಒಂದೇ, ಕೆಲವೇ ಪ್ಯಾಸೇಜ್‌ಗೆ ಸುಸ್ತಾಗುತ್ತವೆ, ಒಂದು ಪ್ಲೇಟನ್ನೂ ವ್ಯರ್ಥ ಮಾಡುವ ಹಾಗಿಲ್ಲ. ಹಾಗಾಗಿ ಲೇಬಲ್ ಓದುವ ಕೆಲಸ ಈಗ ಮೊದಲೇ ಮುಗಿಸುತ್ತೇನೆ.