ತಾತ ಯುದ್ಧಕೈದಿ ಆಗಿದ್ರಂತೆ, ಹುಡುಕೋದು ಹೆಂಗೆ?

ಮೈಸೂರು, ಮಂಡ್ಯ ಕಡೆ ಹಳೇ ಮನೆಗಳಲ್ಲಿ ಈ ಮಾತು ಈಗ್ಲೂ ಕೇಳುತ್ತೆ, ನಮ್ಮ ತಾತ ಸಿಂಗಾಪುರದ ಲಡಾಯಿಗೆ ಹೋಗಿದ್ರು, ಸೆರೆ ಸಿಕ್ಕಿದ್ರು, ಎಷ್ಟೋ ವರ್ಷ ಆದ್ಮೇಲೆ ಬಂದ್ರು ಅಂತ. ಅದಕ್ಕಿಂತ ಮುಂದೆ ಕೇಳಿದ್ರೆ ಏನೂ ಇಲ್ಲ, ಯಾವ ಪಲ್ಟನ್ನು, ಯಾವ ಕ್ಯಾಂಪು ಯಾರಿಗೂ ಗೊತ್ತಿಲ್ಲ, ತಾತ ಬಾಯಿ ಬಿಡ್ಲಿಲ್ಲ, ಮಕ್ಕಳು ಕೇಳೋಕೆ ಹೋಗ್ಲಿಲ್ಲ. ಈಗ ಮೊಮ್ಮಕ್ಕಳು ಫೋನಲ್ಲಿ ತಾತನ ಹೆಸ್ರು ಹಾಕಿ ಪಕ್ಕದಲ್ಲಿ ಪಿಓಡಬ್ಲ್ಯೂ ಅಂತ ಸೇರಿಸಿ ಗೂಗಲ್ ಮಾಡ್ತಾರೆ, ಏನೂ ಸಿಗಲ್ಲ. ಬೆಂಗಳೂರು ಅಂತ ಬೇರೆ ಸೇರಿಸಿಬಿಟ್ರೆ ಜಾಲಹಳ್ಳಿ ಕಡೆ ಬ್ರಿಟಿಷರು ಕೂಡಿಹಾಕಿದ್ದ ಇಟಲಿ ಕೈದಿಗಳ ಕಥೆನೇ ಬರ್ತಾ ಹೋಗುತ್ತೆ.

ಹೆಸರಿಂದ ಶುರು ಮಾಡಬೇಡಿ. ಮೊದ್ಲು ತಿಳ್ಕೊಬೇಕಾಗಿರೋದು ಎಲ್ಲಿ ಸೆರೆ ಸಿಕ್ಕಿದ್ರು, ಯಾವ ಪಲ್ಟನ್ ಅಂತ. ಯಾಕಂದ್ರೆ ಕೈದಿ ಬಗ್ಗೆ ಕಾಗದ ಬರೆದಿದ್ದು ಹಿಡಿದೋರು, ಸಂಬಳ ಪೆನ್ಷನ್ ಲೆಕ್ಕ ಇಟ್ಟಿದ್ದು ಕಳಿಸಿದೋರು. ಈ ಎರಡು ಗೊತ್ತಾದ್ರೆ ಯಾವ ಬಾಗಿಲು ತಟ್ಟಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೊದ್ಲು ಮನೆ

ಮನೇಲಿ ವಯಸ್ಸಾದ ಹೆಂಗಸರು ಯಾರಾದ್ರೂ ಇದ್ರೆ ಅವರ ಹತ್ರ ಕೂತ್ಕೊಳ್ಳಿ, ಗಂಡಸರಿಗಿಂತ ಅವರಿಗೇ ಜಾಸ್ತಿ ನೆನಪಿರುತ್ತೆ. ಯುದ್ಧದ ಬಗ್ಗೆ ಕೇಳಬೇಡಿ, ಅದು ಅವರಿಗೆ ಗೊತ್ತಿರಲ್ಲ. ಮನಿಯಾರ್ಡರ್ ಯಾವಾಗ ನಿಂತೋಯ್ತು, ತಾರು ಬಂದಿತ್ತಾ, ಆಗ ಮನೇಲಿ ಯಾವ ಮಗು ಹುಟ್ಟಿತ್ತು, ವಾಪಸ್ ಬಂದಾಗ ತಾತ ಹೆಂಗಿದ್ರು ಅಂತ ಕೇಳಿ. "ಕಾಲು ಊದ್ಕೊಂಡಿತ್ತು ಕಣ್ಲಾ, ಕಣ್ಣು ಸರಿಯಾಗಿ ಕಾಣ್ತಿರ್ನಿಲ್ಲ" ಅಂದ್ರು ಅನ್ಕೊಳ್ಳಿ, ಅದು ಬೆರಿಬೆರಿ ಥರದ್ದು ಇರಬಹುದು, ವಿಟಮಿನ್ ಇಲ್ದೇ ಬರೋ ಕಾಯಿಲೆ, ಜಪಾನೀಯರ ಕ್ಯಾಂಪಲ್ಲಿ ಇದ್ದೋರಿಗೆ ತುಂಬಾ ಜನಕ್ಕೆ ಬಂದಿತ್ತು. ಅದೊಂದೇ ಸಾಕ್ಷಿ ಆಗಲ್ಲ, ಆದ್ರೆ ದಿಕ್ಕು ತೋರಿಸುತ್ತೆ.

ಆಮೇಲೆ ಟ್ರಂಕು. ಪದಕ ಸಿಕ್ಕಿದ್ರೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಆದ್ರೆ ಅಂಚಲ್ಲಿ ಸಣ್ಣ ಅಕ್ಷರದಲ್ಲಿ ನಂಬರ್, ರ‍್ಯಾಂಕ್, ಹೆಸರು, ಪಲ್ಟನ್ ಕೆತ್ತಿರ್ತಾರೆ, ಉಜ್ಜಿ ಉಜ್ಜಿ ಅದೇ ಸವೆದು ಹೋಗುತ್ತೆ, ಬೆಳಕಿಗೆ ಓರೆ ಹಿಡಿದು ಫೋಟೋ ತೆಗೆದ್ರೆ ಓದೋಕಾಗುತ್ತೆ. ಎರಡನೇ ಯುದ್ಧದ ಪದಕ ನಕ್ಷತ್ರದ ಆಕಾರದಲ್ಲಿದ್ರೆ ಮಧ್ಯದಲ್ಲೇ ಅದರ ಹೆಸರು ಇರುತ್ತೆ, ಪೆಸಿಫಿಕ್ ಸ್ಟಾರ್ ಇದ್ರೆ ಮಲಯ, ಸಿಂಗಾಪುರದ ಕಡೆ ನೋಡಿ, ಆಫ್ರಿಕಾ ಸ್ಟಾರ್ ಇದ್ರೆ ಲಿಬಿಯಾ, ಈಜಿಪ್ಟ್ ಕಡೆ.

ಪೋಸ್ಟ್ ಕಾರ್ಡ್ ಸಿಕ್ಕಿದ್ರಂತೂ ಅದೃಷ್ಟ. ಜಪಾನೀಯರು ಕೊಡ್ತಿದ್ದ ಕಾರ್ಡಲ್ಲಿ ಬರೆಯೋಕೆ ಜಾಗನೇ ಇರ್ತಿರ್ಲಿಲ್ಲ, ನಾನು ಆರೋಗ್ಯವಾಗಿದ್ದೀನಿ ಅಂತ ಇಂಗ್ಲಿಷಲ್ಲಿ ಮೊದ್ಲೇ ಪ್ರಿಂಟ್ ಆಗಿರ್ತಿತ್ತು, ಆಮೇಲಾಮೇಲೆ 25 ಪದದ ಲಿಮಿಟ್ ಬೇರೆ. ಹಾಗಾಗಿ ಒಳಗಿರೋ ಮಾತಿಗಿಂತ ಮೇಲಿರೋ ಮೊಹರು, ಸೆನ್ಸಾರ್ ನಂಬರು, ತಾರೀಖು ಮುಖ್ಯ. ಸ್ಟಾಲಾಗ್ ಅಂತ ಇದ್ರೆ ಜರ್ಮನಿ, ಪಿ.ಜಿ. ಅಂತ ಇದ್ದು ಮುಂದೆ ನಂಬರ್ ಇದ್ರೆ ಇಟಲಿ. ಅವೆಜ್ಜಾನೋ ಹತ್ರ ಇದ್ದ ಪಿ.ಜಿ. 91 ಇಂಡಿಯನ್ ಕೈದಿಗಳಿಗೇ ಇದ್ದ ಕ್ಯಾಂಪು.

ಯಾವ ಯುದ್ಧ, ಯಾವ ಜಾಗ

ನಮ್ಮ ಕಡೆ ಸೈನಿಕ ಅಂದ ತಕ್ಷಣ ಈಗಿನ ಇಸ್ರೇಲಲ್ಲಿರೋ ಹೈಫಾ ಅಂದ್ಬಿಡ್ತಾರೆ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಹೈಫಾ ಗೆದ್ದಿದ್ದು ನಿಜ, ಹೆಮ್ಮೆನೇ, ಆದ್ರೆ ಅದು ಗೆದ್ದ ಕಥೆ. ಆ ಮೊದಲನೇ ಮಹಾಯುದ್ಧದಲ್ಲಿ ಇಂಡಿಯನ್ನರು ರಾಶಿ ರಾಶಿ ಸೆರೆ ಸಿಕ್ಕಿದ್ದು ಇರಾಕಿನ ಕುತ್‌ನಲ್ಲಿ, 1916ರ ಏಪ್ರಿಲ್ 29ಕ್ಕೆ ಅಲ್ಲಿ ಬ್ರಿಟಿಷ್ ಪಡೆ ತುರ್ಕರಿಗೆ ಶರಣಾಯ್ತು, ಬದುಕುಳಿದೋರಲ್ಲಿ ತುಂಬಾ ಜನರನ್ನ ಈಗಿನ ಸಿರಿಯಾದ ರಾಸ್ ಅಲ್ ಐನ್ ಕಡೆ ರೈಲು ಹಳಿ ಕೆಲಸಕ್ಕೆ ಹಚ್ಚಿದ್ರು. ಫ್ರಾನ್ಸಲ್ಲಿ ಸಿಕ್ಕಿದೋರಲ್ಲಿ ಎಷ್ಟೋ ಜನ ಬರ್ಲಿನ್ ಹತ್ರ ವುನ್ಸ್‌ಡಾರ್ಫ್ ಕ್ಯಾಂಪಲ್ಲಿದ್ರು. ಅಲ್ಲಿ ಜರ್ಮನ್ ಪಂಡಿತರು ಕೈದಿಗಳ ಮಾತು, ಹಾಡು ರೆಕಾರ್ಡ್ ಮಾಡ್ಕೊಂಡಿದ್ರು, ಆ ತಟ್ಟೆಗಳು ಈಗ್ಲೂ ಬರ್ಲಿನ್‌ನ ಹಂಬೋಲ್ಟ್ ಯೂನಿವರ್ಸಿಟಿಲಿವೆ. ಮೊದಲನೇ ಯುದ್ಧದ್ದಾದ್ರೆ ಕೆಲಸ ಸ್ವಲ್ಪ ಸುಲಭ, ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನೋರು 1914-18ರ ಕೈದಿಗಳ ಪಟ್ಟಿಗಳನ್ನ ಸ್ಕ್ಯಾನ್ ಮಾಡಿ ಫ್ರೀಯಾಗಿ ವೆಬ್‌ಸೈಟಲ್ಲಿ ಹಾಕಿದ್ದಾರೆ.

ಎರಡನೇ ಯುದ್ಧದಲ್ಲಿ ನಮ್ಮ ಜಿಲ್ಲೆಗಳಿಗೆ ಹತ್ತಿರದ್ದು ಅಂದ್ರೆ ಸಿಂಗಾಪುರ. ಸಂಸ್ಥಾನದ ಸೈನ್ಯದ ಒಂದನೇ ಮೈಸೂರು ಇನ್‌ಫೆಂಟ್ರಿ ಅಲ್ಲೇ ಇತ್ತು, 1942ರ ಫೆಬ್ರವರಿ 15ಕ್ಕೆ ಶರಣಾಗತಿ ಆದಾಗ ಪೂರಾ ಪಲ್ಟನ್ನು ಸೆರೆ. ಎರಡು ದಿನ ಬಿಟ್ಟು ಫೆರರ್ ಪಾರ್ಕ್ ಮೈದಾನದಲ್ಲಿ ಇಂಡಿಯನ್ ಸಿಪಾಯಿಗಳನ್ನೆಲ್ಲ ಸೇರಿಸಿ ಜಪಾನೀಯರ ವಶಕ್ಕೆ ಒಪ್ಪಿಸಿದ್ರು, ಅಲ್ಲೇ ಮೋಹನ್ ಸಿಂಗ್ ಅನ್ನೋ ಇಂಡಿಯನ್ ಕ್ಯಾಪ್ಟನ್ ಬ್ರಿಟಿಷರ ವಿರುದ್ಧ ಹೋರಾಡೋ ಇಂಡಿಯನ್ ನ್ಯಾಷನಲ್ ಆರ್ಮಿ, ಅಂದ್ರೆ ಐಎನ್‌ಎ ಸೇರಿ ಅಂತ ಕರೆ ಕೊಟ್ಟಿದ್ದು. ಸೇರದೇ ಇದ್ದೋರಲ್ಲಿ ಸಾವಿರಾರು ಜನರನ್ನ ಹಡಗಲ್ಲಿ ತುಂಬಿ ನ್ಯೂಗಿನಿ, ರಬೌಲ್ ಕಡೆ ಕೂಲಿ ಕೆಲಸಕ್ಕೆ ಕಳಿಸಿದ್ರು, ಅಲ್ಲಿಂದ ಎಷ್ಟೋ ಜನ ಬರಲೇ ಇಲ್ಲ. ಉಳಿದಿದ್ದೋರನ್ನ 1945ರಲ್ಲಿ ಆಸ್ಟ್ರೇಲಿಯಾ ಸೈನ್ಯ ಬಿಡಿಸಿತು, ಆ ಫೋಟೋಗಳು ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ವೆಬ್‌ಸೈಟಲ್ಲಿವೆ, ನೋಡೋಕೆ ಗಟ್ಟಿ ಮನಸ್ಸು ಬೇಕು. ಜಪಾನೀಯರು ಕೈದಿಗಳ ಕೈಲಿ ಹಾಕಿಸಿದ ಬರ್ಮಾ ರೈಲು ಹಳಿಯ ಸಿನಿಮಾ ನೋಡಿ ತಾತನೂ ಅಲ್ಲೇ ಇದ್ರು ಅನ್ಕೊಬೇಡಿ, ಅಲ್ಲಿ ಹೆಚ್ಚಾಗಿದ್ದ ಕೈದಿಗಳು ಬ್ರಿಟಿಷರು, ಡಚ್ಚರು, ಆಸ್ಟ್ರೇಲಿಯದೋರು, ಜೊತೆಗೆ ಮಲಯದ ತೋಟಗಳಿಂದ ಎಳ್ಕೊಂಡು ಹೋದ ತಮಿಳು ಕೂಲಿಗಳು.

ಅರ್ಜಿ ಹಾಕೋದು

ಇಲ್ಲೊಂದು ಫರಕು ಇದೆ. ತಾತ ಇದ್ದಿದ್ದು ಮೈಸೂರು ಮಹಾರಾಜರ ಸೈನ್ಯದಲ್ಲಾ, ಬ್ರಿಟಿಷ್ ಇಂಡಿಯನ್ ಆರ್ಮಿಲಾ? ಮನೇಲಿ ಎರಡನ್ನೂ ಮಿಲಿಟ್ರಿ ಅಂತಾನೇ ಹೇಳ್ತಾರೆ. ಸಂಸ್ಥಾನದ ಸೈನ್ಯದ ಪತ್ರವ್ಯವಹಾರ ಹುಡುಕೋಕೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು, ಮೈಸೂರಲ್ಲೂ ಅದರ ವಿಭಾಗೀಯ ಕಚೇರಿ ಇದೆ. ಹೋಗೋಕೆ ಮುಂಚೆ ಫೋನ್ ಮಾಡಿ, ಆಧಾರ್ ತಗೊಂಡು ಹೋಗಿ, ತಾತನ ಹೆಸರು ಹೇಳಿ ಫೈಲ್ ಕೊಡಿ ಅಂದ್ರೆ ಅವರೇನು ಮಾಡೋಕಾಗುತ್ತೆ ಪಾಪ, 1942ರಿಂದ 1946ರವರೆಗಿನ ಮಿಲಿಟರಿ ಫೈಲುಗಳ ಸೂಚಿ ಕೊಡಿ ಅಂತ ಕೇಳಿ. ಆಮೇಲೆ ಒಂದನೇ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು, ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಗೆ ಸೇರ್ಕೊಂಡ್ತು, ಹಾಗಾಗಿ ಇನ್‌ಫೆಂಟ್ರಿಯೋರಿಗೆ ಊಟಿ ಹತ್ರ ವೆಲ್ಲಿಂಗ್ಟನ್‌ನಲ್ಲಿರೋ ಮದ್ರಾಸ್ ರೆಜಿಮೆಂಟ್ ರೆಕಾರ್ಡ್ ಆಫೀಸಿಗೂ ಬರೀಬೇಕು. ಸೈನ್ಯದ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್ ಆಗಿದ್ರೆ ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬರೀರಿ.

ಅರ್ಜಿ ಆರ್‌ಟಿಐ ಅಡಿಲಿ ಆನ್‌ಲೈನ್ ಹಾಕಿ, ಫೀಸು 10 ರೂಪಾಯಿ. ವೈಯಕ್ತಿಕ ಮಾಹಿತಿ ಕೊಡಲ್ಲ ಅಂದ್ರೆ ಹೆದರಬೇಡಿ, 20 ವರ್ಷಕ್ಕಿಂತ ಹಳೇ ವಿಷಯದ ಬಗ್ಗೆ 8(3) ಅನ್ನೋ ಉಪಕಲಂ ಇದೆ, ಅರ್ಜಿಲಿ ಅದನ್ನ ಬರೀರಿ, ಜೊತೆಗೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಲಗತ್ತಿಸಿ. ಸರ್ವಿಸ್ ದಾಖಲೆ ಕೊಡಿ ಅಂತ ಮಾತ್ರ ಬರೆದ್ರೆ ನಾಶ ಆಗಿದೆ ಅಂತ ಒಂದು ಸಾಲಿನ ಉತ್ತರ ಬರಬಹುದು, ಸೈನಿಕರ ಹೆಸರು, ವಿವರ ಬರೆದಿಡೋ ಲಾಂಗ್ ರೋಲ್ ರಿಜಿಸ್ಟರಲ್ಲಿರೋ ಎಂಟ್ರಿಯ ಪ್ರತಿ ಕೊಡಿ ಅಂತ ಸೇರಿಸಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೆ ಫೀಸಿಲ್ಲ.

ಐಎನ್‌ಎ ವಿಷಯಕ್ಕೆ ಎಷ್ಟೋ ಮನೆಗಳಲ್ಲಿ ಎರಡು ಥರ ಸುಳ್ಳು ಓಡಾಡ್ತವೆ. ಸೇರದೇ ಇದ್ದೋರನ್ನ ನೇತಾಜಿ ಜೊತೆಗಿದ್ರು ಅಂತಾರೆ, ಸೇರಿದ್ದೋರು ಪೆನ್ಷನ್ ಹೋಗುತ್ತೆ ಅಂತ ಬಾಯಿ ಬಿಟ್ಟಿರಲ್ಲ. ನನ್ನ ಕೇಳಿದ್ರೆ ಎರಡರಲ್ಲೂ ನಾಚಿಕೆ ಪಡೋದೇನಿಲ್ಲ, ಹಸಿವು, ಭಯ, ಜೊತೆಗಾರರು, ದೇಶ ಎಲ್ಲಾ ಸೇರಿ ಆದ ತೀರ್ಮಾನ ಅದು. ಯುದ್ಧ ಮುಗಿದ್ಮೇಲೆ ಬ್ರಿಟಿಷರು ವಿಚಾರಣೆ ಮಾಡಿ, ಯಾರು ಎಷ್ಟು ತಮ್ಮ ವಿರುದ್ಧ ಹೋಗಿದ್ರು ಅಂತ ನೋಡಿ ವೈಟ್, ಗ್ರೇ, ಬ್ಲ್ಯಾಕ್ ಅಂತ ವಿಂಗಡಿಸಿದ್ರು (ವೈಟ್ ಅಂದ್ರೆ ನಿಷ್ಠರು, ಬ್ಲ್ಯಾಕ್ ಅಂದ್ರೆ ಪೂರಾ ವಿರೋಧಿಗಳು), ತಾತನ ಡಿಸ್ಚಾರ್ಜ್ ಕಾಗದದಲ್ಲಿ 1946ರ ಸುಮಾರಿಗೆ ಸಡನ್ನಾಗಿ ಸರ್ವಿಸ್ ನಿಂತಿದ್ರೆ ಈ ಕಡೆ ಒಂದು ಕಣ್ಣು ಇಡಿ. ಐಎನ್‌ಎ ಕಾಗದಪತ್ರ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಅಭಿಲೇಖ್ ಪಟಲ್ ಅನ್ನೋ ಪೋರ್ಟಲಲ್ಲಿ ಫ್ರೀಯಾಗಿ ರಿಜಿಸ್ಟರ್ ಆಗಿ ಹುಡುಕಬಹುದು. ಸ್ವಾತಂತ್ರ್ಯ ಹೋರಾಟಗಾರರ ಪೆನ್ಷನ್ ಐಎನ್‌ಎಯೋರಿಗೂ ಇತ್ತಲ್ಲ, ಅದು ಬರ್ತಿತ್ತು ಅಂತ ಮನೇಲಿ ನೆನಪಿದ್ರೆ ಡಿಸಿ ಆಫೀಸಲ್ಲೂ ವಿಚಾರಿಸಿ.

ಈಗ ಹೆಸರು

ತಾತ ಬರಲೇ ಇಲ್ಲ ಅನ್ನೋರು, ಯುದ್ಧದಲ್ಲಿ ಸತ್ತೋರ ಗೋರಿ, ಸ್ಮಾರಕ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಹುಡುಕಿ, ಬದುಕಿ ಬಂದೋರ ಹೆಸರು ಅದರಲ್ಲಿ ಇರಲ್ಲ. ಸಿಂಗಾಪುರದ ಕ್ರಾಂಜಿ ಸ್ಮಾರಕ ಒಂದರಲ್ಲೇ ಗೋರಿ ಇಲ್ಲದ 24,000ಕ್ಕೂ ಜಾಸ್ತಿ ಜನರ ಹೆಸರಿದೆ. ನಮ್ಮ ಹೆಸರುಗಳನ್ನ ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂಗೆ ಬರೆದಿರ್ತಾನೆ, ಸಿದ್ದೇಗೌಡ ಒಂದೇ ಪದ ಆಗಿರಬಹುದು, ಎರಡಾಗಿರಬಹುದು, ಬರೀ ಗೌಡ ಅಂತ ಇರಬಹುದು, ಡಿ ಒಂದೋ ಎರಡೋ ಎಚ್ ಇದೆಯೋ ಇಲ್ವೋ ದೇವರಿಗೇ ಗೊತ್ತು. ಅದಕ್ಕೆ ಹೆಸರು ಬಿಟ್ಟು ಪಲ್ಟನ್ನು, ವರ್ಷ, ಸ್ಮಾರಕ ಹಾಕಿ ಪಟ್ಟಿ ಡೌನ್‌ಲೋಡ್ ಮಾಡ್ಕೊಂಡು ಕೂತು ಓದಿ. ಕೆಲವು ಎಂಟ್ರಿಲಿ ಅಪ್ಪನ ಹೆಸರು, ಊರು ಇರುತ್ತೆ, ಅಲ್ಲೇ ಸಿಕ್ಕಿಬೀಳೋದು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕೂ ಮುಂಚೆ ಸೈನ್ಯ ಸೇರಿದ್ರೆ ಮದ್ದೂರಿನವರೂ ಮಳವಳ್ಳಿಯವರೂ ಮೈಸೂರು ಜಿಲ್ಲೆ ಅಂತಾನೇ ಇರ್ತಾರೆ. ಪಾಂಡವಪುರ ಅಂತ ಹುಡುಕಿದ್ರೆ ಸಿಗ್ದೇ ಹೋಗಬಹುದು, ಫ್ರೆಂಚ್ ರಾಕ್ಸ್ ಅಂತ ಹುಡುಕಿ, ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ. ಹೆಸರು ಸಿಕ್ತು ಆದ್ರೆ ಸ್ಪೆಲ್ಲಿಂಗ್ ತಪ್ಪಿದೆ, ಅಪ್ಪನ ಹೆಸರಿಲ್ಲ ಅಂದ್ರೆ ಕಮಿಷನ್ನಿಗೇ ಬರೀಬಹುದು, ಆ ಕಾಲದ ದಾಖಲೆ ಒಂದಾದ್ರೂ ಜೊತೆಗಿಟ್ಟು ಕಳಿಸಿ, ಡಿಸ್ಚಾರ್ಜ್ ಕಾಗದವೋ ಪೆನ್ಷನ್ ಪುಸ್ತಕವೋ, ಸರಿ ಅನ್ನಿಸಿದ್ರೆ ತಿದ್ದುತ್ತಾರೆ.