ಆ್ಯಪ್ ರಿಜೆಕ್ಟ್ ಆಗದಂತೆ ಕಳಿಸುವುದು ಹೇಗೆ?

ಆರು ತಿಂಗಳು ನಿದ್ದೆಗೆಟ್ಟು ಆ್ಯಪ್ ಮಾಡಿದ್ದಾಯಿತು, ಸ್ಟೋರ್‌ಗೆ ಕಳಿಸಿದ್ದೂ ಆಯಿತು. ಮರುದಿನ ಮೇಲ್ ಬರುತ್ತದೆ: ರಿಜೆಕ್ಟೆಡ್. ಹೆಚ್ಚಿನವರು ಆಗ ಕೋಡ್ ಕೆದಕಲು ಕೂರುತ್ತಾರೆ. ಆದರೆ ಬಹಳ ಸಲ ಸ್ಟೋರ್ ಪರವಾಗಿ ಆ್ಯಪ್ ರಿವ್ಯೂ ಮಾಡುವವರು ಆ್ಯಪಿನ ಒಳಗೇ ಹೋಗಿರುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತಾರೆ. ಹಾಗಾಗಿ ಕೆಲಸವನ್ನು ಬಾಗಿಲಿನಿಂದಲೇ ಶುರು ಮಾಡೋಣ.

ನಿಮ್ಮದು ಹಾಲಿನ ಡೇರಿಯ ಲೆಕ್ಕ ಇಡುವ ಆ್ಯಪ್ ಎಂದುಕೊಳ್ಳಿ. ತೆರೆದ ಕೂಡಲೇ ಮೊಬೈಲ್ ನಂಬರ್ ಕೇಳುತ್ತದೆ, ಒಟಿಪಿ ಕಳಿಸುತ್ತದೆ. ರಿವ್ಯೂ ಮಾಡುವವರು ಎಲ್ಲಿ ಕೂತಿದ್ದಾರೋ, ಅವರ ಹತ್ತಿರ ಭಾರತದ ಸಿಮ್ ಇರಬೇಕೆಂದೇನಿಲ್ಲ. ಸರ್ವರ್‌ನಲ್ಲಿ ಒಂದು ಟೆಸ್ಟ್ ನಂಬರ್, ಅದಕ್ಕೊಂದು ಬದಲಾಗದ ಒಟಿಪಿ ಇಟ್ಟುಬಿಡಿ. ಫೈರ್‌ಬೇಸ್ (ಲಾಗಿನ್ ಮುಂತಾದವನ್ನು ಸಿದ್ಧವಾಗಿ ಕೊಡುವ ಗೂಗಲ್ ಸೇವೆ) ಬಳಸುವವರಿಗೆ ಈ ಸೌಲಭ್ಯ ಕನ್ಸೋಲ್‌ನಲ್ಲೇ ಇದೆ. ಆ ನಂಬರನ್ನು, ಒಟಿಪಿಯನ್ನು ಪ್ಲೇ ಕನ್ಸೋಲ್‌ನ (ಗೂಗಲ್‌ಗೆ ಆ್ಯಪ್ ಕಳಿಸುವ ತಾಣ) 'ಆ್ಯಪ್ ಆ್ಯಕ್ಸೆಸ್' ವಿಭಾಗದಲ್ಲಿ, ಆ್ಯಪಲ್‌ಗಾದರೆ ರಿವ್ಯೂ ಟಿಪ್ಪಣಿಯಲ್ಲಿ ಬರೆಯಿರಿ. ಟೆಸ್ಟ್ ಖಾತೆ ಖಾಲಿ ಇರಬಾರದು. ನಾಲ್ಕು ಉತ್ಪಾದಕರ ಹೆಸರು, ವಾರದ ಬೆಳಗ್ಗೆ-ಸಂಜೆಯ ಹಾಲಿನ ಅಳತೆ, ಫ್ಯಾಟ್, ದರ ಎಲ್ಲ ತುಂಬಿಸಿಡಿ. ಪರದೆ ಪೂರ್ತಿ ಕನ್ನಡದಲ್ಲಿದ್ದರೆ ಯಾವ ಬಟನ್ ಒತ್ತಿದರೆ ಏನಾಗುತ್ತದೆಂದು ಇಂಗ್ಲಿಷಿನಲ್ಲಿ ಐದಾರು ಸಾಲು ಬರೆದು ಕಳಿಸಿ. ರಾತ್ರಿ ಸರ್ವರ್ ಆಫ್ ಮಾಡುವ ಅಭ್ಯಾಸವಿದ್ದರೆ ಆ ವಾರ ಬಿಟ್ಟುಬಿಡಿ.

ಮುಂದಿನದು ಪರ್ಮಿಷನ್. ಒಟಿಪಿ ತಾನಾಗಿ ತುಂಬಿಕೊಳ್ಳಲಿ ಎಂದು ಎಸ್‌ಎಂಎಸ್ ಓದುವ ಅನುಮತಿ ಕೇಳಿದರೆ ಪ್ಲೇ ಸ್ಟೋರ್‌ನಲ್ಲಿ ಕೆಲಸ ಕೆಟ್ಟಿತೆಂದೇ ಲೆಕ್ಕ. 2019ರಿಂದ ಅದು ಬಿಗಿಯಾಗಿದೆ. ಎಸ್‌ಎಂಎಸ್ ರಿಟ್ರೀವರ್ ಬಳಸಿ; ನಿಮ್ಮ ಆ್ಯಪಿಗೆಂದು ಬಂದ ಒಟಿಪಿ ಸಂದೇಶವನ್ನಷ್ಟೇ ತಂದುಕೊಡುವ ಗೂಗಲ್ ಸೌಲಭ್ಯ ಅದು, ಅದಕ್ಕೆ ಅನುಮತಿಯೇ ಬೇಡ. ಒಂದೆರಡು ಫೋಟೊ ಹಾಕಿಸಿಕೊಳ್ಳಲು ಇಡೀ ಗ್ಯಾಲರಿ ಕೇಳಬೇಡಿ, ಬಳಕೆದಾರರು ಆರಿಸಿದ ಫೋಟೊವನ್ನಷ್ಟೇ ಕೊಡುವ ಫೋಟೊ ಪಿಕರ್ ಸಾಕು. 'ನಾನು ಕೇಳಿಯೇ ಇಲ್ಲ' ಎನ್ನುವವರು ಮರ್ಜ್ ಆದ ಮ್ಯಾನಿಫೆಸ್ಟ್ (ಆ್ಯಪ್ ಕೇಳುವ ಅನುಮತಿಗಳೆಲ್ಲ ಸೇರಿರುವ ಕಡತ) ತೆರೆದು ನೋಡಿ. ನೀವು ಸೇರಿಸಿಕೊಂಡ ಯಾವುದೋ ಲೈಬ್ರರಿ (ಬೇರೆಯವರು ಬರೆದ ಸಿದ್ಧ ಕೋಡ್) ಹಿಂಬಾಗಿಲಿನಿಂದ ತಂದಿರುತ್ತದೆ. ಐಫೋನಿನಲ್ಲಿ 'ಕ್ಯಾಮೆರಾ ಬೇಕು' ಎಂದಷ್ಟೇ ಬರೆದರೆ ಒಪ್ಪುವುದಿಲ್ಲ. 'ಉತ್ಪಾದಕರ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು' ಎಂದು ಬರೆಯಿರಿ.

ಆಮೇಲೆ ಫಾರ್ಮ್. ಬಳಕೆದಾರರ ಯಾವ ಮಾಹಿತಿ ಸಂಗ್ರಹಿಸುತ್ತೀರೆಂದು ಪ್ಲೇ ಸ್ಟೋರ್ ಕೇಳುವ ಡೇಟಾ ಸೇಫ್ಟಿ ಫಾರ್ಮಿನಲ್ಲಿ 'ಏನೂ ಸಂಗ್ರಹಿಸುವುದಿಲ್ಲ' ಎಂದು ಟಿಕ್ ಮಾಡಿ, ಒಳಗೆ ಜಾಹೀರಾತಿನ ಎಸ್‌ಡಿಕೆ (ಜಾಹೀರಾತು ತೋರಿಸುವ ಸಿದ್ಧ ಕೋಡ್) ಇಟ್ಟುಕೊಂಡರೆ ಸಿಕ್ಕಿಬೀಳುತ್ತೀರಿ. ಪ್ರೈವಸಿ ಪಾಲಿಸಿ ಯಾರು ಬೇಕಾದರೂ ತೆರೆಯಬಹುದಾದ ವೆಬ್ ಪುಟವಾಗಿರಬೇಕು. ಪ್ಲೇ ಸ್ಟೋರ್ ಪಿಡಿಎಫ್ ಒಪ್ಪುವುದಿಲ್ಲ. (ಬೇರೆಯವರದ್ದು ಕಾಪಿ ಹೊಡೆದು, ಅವರ ಕಂಪನಿಯ ಹೆಸರನ್ನೂ ಹಾಗೇ ಬಿಟ್ಟವರನ್ನು ಕಂಡಿದ್ದೇನೆ.) ಖಾತೆ ತೆರೆಯಲು ಅವಕಾಶ ಕೊಟ್ಟಿದ್ದರೆ ಅಳಿಸಲೂ ಆ್ಯಪಿನಲ್ಲೇ ದಾರಿ ಇರಬೇಕು. ಆ್ಯಪಲ್ 2022ರ ಜೂನ್ 30ರಿಂದ ಇದನ್ನು ಕಡ್ಡಾಯ ಮಾಡಿದೆ. ಗೂಗಲ್ ಇದರ ಜೊತೆಗೆ ವೆಬ್ ಲಿಂಕನ್ನೂ ಕೇಳುತ್ತದೆ.

ವೆಬ್‌ಸೈಟಿಗೇ ಆ್ಯಪಿನ ಅಂಗಿ ತೊಡಿಸಿ ಕಳಿಸಿದರೆ ಆ್ಯಪಲ್ 4.2ನೇ ನಿಯಮ ತೋರಿಸಿ ವಾಪಸ್ ಕಳಿಸುತ್ತದೆ. ಪ್ಲೇ ಸ್ಟೋರ್‌ನಲ್ಲಿ ಹೆಸರು 30 ಅಕ್ಷರ ಮೀರಬಾರದು, 'ನಂ. 1' ಎಂದೆಲ್ಲ ಸೇರಿಸಬಾರದು.

ಹೊಸಬರಿಗೆ ಇನ್ನೊಂದು ತಡೆಯಿದೆ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಪ್ಲೇ ಖಾತೆ ತೆರೆದಿದ್ದರೆ, ಕನಿಷ್ಠ 12 ಜನ ಟೆಸ್ಟರ್‌ಗಳು ಸತತ 14 ದಿನ, ನೀವು ಆಹ್ವಾನಿಸಿದವರಷ್ಟೇ ಬಳಸುವ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕು. ಮೊದಲು 20 ಜನ ಬೇಕಿತ್ತು. ಚಿಕ್ಕಪ್ಪ, ಅತ್ತಿಗೆ ಎಲ್ಲರನ್ನೂ ಸೇರಿಸಿಕೊಳ್ಳಿ, ಆದರೆ ಅವರು ನಿಜವಾಗಿ ಬಳಸಲಿ; ಟೆಸ್ಟ್‌ನಿಂದ ಏನು ತಿಳಿಯಿತೆಂದು ಆಮೇಲೆ ಗೂಗಲ್‌ಗೆ ನೀವೇ ಬರೆದುಕೊಡಬೇಕು.

ಇಷ್ಟಾದರೂ ರಿಜೆಕ್ಟ್ ಆದರೆ ಮೇಲ್ ಪೂರ್ತಿ ಓದಿ. ನಿಯಮದ ಸಂಖ್ಯೆ, ಸ್ಕ್ರೀನ್‌ಶಾಟ್, ಯಾವ ಸಾಧನದಲ್ಲಿ ನೋಡಿದರು ಎಂಬುದು ಸಾಮಾನ್ಯವಾಗಿ ಅದರಲ್ಲೋ, ಆ್ಯಪ್ ಸ್ಟೋರ್ ಕನೆಕ್ಟ್‌ನ (ಆ್ಯಪಲ್‌ಗೆ ಆ್ಯಪ್ ಕಳಿಸುವ ತಾಣ) ಸಂದೇಶದಲ್ಲೋ ಇರುತ್ತದೆ. ಐಫೋನಿಗೆಂದೇ ಮಾಡಿದ ಆ್ಯಪನ್ನು ಐಪ್ಯಾಡ್‌ನಲ್ಲಿ ತೆರೆದು, ಬಟನ್ ಪರದೆಯಾಚೆ ಹೋಗಿರುವುದನ್ನು ತೋರಿಸುವುದುಂಟು. ಅರ್ಥವಾಗದಿದ್ದರೆ ಆ್ಯಪ್ ಸ್ಟೋರ್ ಕನೆಕ್ಟ್‌ನಲ್ಲೇ ಉತ್ತರ ಬರೆದು ಕೇಳಬಹುದು. ಅವರದೇ ತಪ್ಪು ಎನ್ನಿಸಿದರೆ ಅಪೀಲ್ ಹಾಕಬಹುದು. ಅದೇ ಬಿಲ್ಡನ್ನು (ಸ್ಟೋರ್‌ಗೆ ಹಾಕಿದ ಆ್ಯಪ್ ಫೈಲನ್ನು) ಹಾಗೇ ಮತ್ತೆ ಮತ್ತೆ ಕಳಿಸಬೇಡಿ.

ಪ್ಲೇ ಸ್ಟೋರ್‌ನಲ್ಲಿ ಎಸ್‌ಎಂಎಸ್ ಅನುಮತಿ ತೆಗೆದು ಹೊಸ ಬಿಲ್ಡ್ ಹಾಕಿದ ಮೇಲೂ ಅದೇ ಮೇಲ್ ಬಂದರೆ ಗಾಬರಿಯಾಗಬೇಡಿ. ಮೂರು ತಿಂಗಳ ಹಿಂದಿನ ಹಳೇ ಬಿಲ್ಡ್ ಯಾವುದೋ ಟೆಸ್ಟಿಂಗ್ ಟ್ರ್ಯಾಕ್‌ನಲ್ಲಿ (ಟೆಸ್ಟರ್‌ಗಳಿಗೆ ಆ್ಯಪ್ ಬಿಡುವ ಪ್ರತ್ಯೇಕ ದಾರಿ) ಇನ್ನೂ ಜೀವಂತವಾಗಿರುತ್ತದೆ. ಎಲ್ಲ ಟ್ರ್ಯಾಕ್‌ಗಳಲ್ಲೂ ಹೊಸ ಬಿಲ್ಡ್ ಹಾಕಿ, ಆಮೇಲೆ ಕಳಿಸಿ.