ಹಳೇ 800 ಸಿಸಿ ಕಾರಲ್ಲಿ ಕಲ್ಹಟ್ಟಿ ಘಾಟ್ ಹತ್ತಿದ್ದು

ಈ ಡಬ್ಬಾ ಕಲ್ಹಟ್ಟಿ ಹತ್ತಲ್ಲ, ಗೂಡಲೂರು ಮೇಲೆ ಹೋಗು ಅಂತ ಹೇಳದವರೇ ಇಲ್ಲ. ಈಗ ಅದೇ ಕಾರು, ಒಳಗೆ ನಾಲ್ಕು ಜನ, ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್ ತಿರುವನ್ನೂ ಉಸಿರು ಕಟ್ಟದೆ ಹತ್ತುತ್ತದೆ.

ಮೊದಲು ಹತ್ತಿದ್ದು ಮೇ ತಿಂಗಳ ಒಂದು ಶನಿವಾರ. ಮುಂದಿನ ಗಾಡಿ ತಿರುವಿನಲ್ಲೇ ನಿಂತಿತು, ಹಿಂದೆ ನಾವೂ ನಿಂತೆವು. ಹ್ಯಾಂಡ್‌ಬ್ರೇಕ್, ಹಾಫ್ ಕ್ಲಚ್, ಮತ್ತೆ ಹ್ಯಾಂಡ್‌ಬ್ರೇಕ್. ಅರ್ಧ ದಾರಿಗೇ ಸುಟ್ಟ ವಾಸನೆ. ಊರಿಗೆ ಬಂದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕೂಲಿ ಎಲ್ಲ ಸೇರಿ ಏಳೆಂಟು ಸಾವಿರ ಹೋಯಿತು.

ಇಂಜಿನ್‌ಗೆ ಶಕ್ತಿ ಸಾಲದೆ ಅಲ್ಲ, ಏರಿನಲ್ಲಿ ನಿಂತು ಹೊರಡೋದರಲ್ಲೇ ಕ್ಲಚ್ ಸಾಯೋದು. ಹಾಗಾಗಿ ಈಗ ಕೆಳಗಿನ ಸಪಾಟು ಜಾಗದಲ್ಲೇ ಕಾಯುತ್ತೇನೆ. ಮುಂದಿನ ಗಾಡಿ ತಿರುವು ದಾಟಿ ಕಣ್ಮರೆಯಾದ ಮೇಲೆ ಹೊರಡೋದು. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ. ಎಸಿ ಬಂದ್, ತಿರುವಿಗೆ ಮೊದಲೇ ಫಸ್ಟ್ ಗೇರ್. ಫ್ರಂಟ್ ವೀಲ್ ಡ್ರೈವ್ ಆದ್ದರಿಂದ ಏರಿನಲ್ಲಿ ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಅದಕ್ಕೇ ದಪ್ಪಗಿರೋ ಭಾವ ಮುಂದಿನ ಸೀಟಿಗೆ, ಡಿಕ್ಕಿ ಬಹುಪಾಲು ಖಾಲಿ. ಇದಕ್ಕೆ ಮನೆಯಲ್ಲಿ ಆದ ಜಗಳ ಬೇರೆ ಕಥೆ. ಪ್ರೀಮಿಯಂ ಪೆಟ್ರೋಲ್ ಹಾಕಿಯೂ ನೋಡಿದೆ, ಜೇಬಿಗೆ ಬಿಟ್ಟರೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಟೈರ್ ಗಾಳಿ ಇಳಿಸಿದೆ, ಸ್ಟೀರಿಂಗ್ ಭಾರವಾಯಿತು ಅಷ್ಟೆ.

ಹೊತ್ತೂ ಮುಖ್ಯ. ರಾತ್ರಿ 9ಕ್ಕೆ ಮುಚ್ಚುವ ಬಂಡೀಪುರ ಗೇಟ್ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಗುಂಡ್ಲುಪೇಟೆಯಲ್ಲಿ ಮಲಗಿ ಸಾಲಿನಲ್ಲಿ ಮುಂದೆ ನಿಂತರೆ ಘಾಟ್ ಹೆಚ್ಚುಕಮ್ಮಿ ನಮ್ಮದೇ. 2024ರ ಮೇಯಿಂದ ನೀಲಗಿರಿಗೆ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ಇರಲಿ, ಪ್ಲಾಸ್ಟಿಕ್ ಕಂಡರೆ ಚೆಕ್‌ಪೋಸ್ಟಿನಲ್ಲಿ ತಡ.

ಊಟಿಯೊಳಗೆ ಕಾರು ಎಲ್ಲಿ ನಿಲ್ಲಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಬೊಟಾನಿಕಲ್ ಗಾರ್ಡನ್ನಿಗೆ ಹತ್ತು ನಿಮಿಷದ ನಡಿಗೆ, ಸೀಸನ್‌ನಲ್ಲೂ ಖಾಲಿ. ಹೇಳಿಬಿಟ್ಟರೆ ಮುಂದಿನ ವರ್ಷ ನನಗೇ ಸಿಗಲ್ಲ, ಅಲ್ವಾ?

ಕಲ್ಹಟ್ಟಿಯಲ್ಲಿ ಹೊರಗಿನ ಗಾಡಿ ಇಳಿಯಲು ಬಿಡಲ್ಲ. ವಾಪಸ್ ಪೈಕಾರ, ಗೂಡಲೂರು ಮೇಲೆ, ಸುಮಾರು ಮೂವತ್ತು ಕಿಲೋಮೀಟರ್ ಜಾಸ್ತಿ. ಸಂಜೆ ನಾಲ್ಕಕ್ಕೆ ಊಟಿ ಬಿಟ್ಟರೆ ಗೇಟ್ ಮುಚ್ಚೋ ಭಯವಿಲ್ಲ. ಮೈಸೂರಿನಿಂದ ಹೋಗಿಬರಲು ಪೆಟ್ರೋಲ್ ಎರಡು ಸಾವಿರದ ಆಸುಪಾಸು. ಆ ಹೊಸ ಕ್ಲಚ್ ಇನ್ನೂ ಬದಲಾಯಿಸಿಲ್ಲ.